ಹಾಡಿಗೆ ಹಾಡಿಯ ಅರ್ಜಿಯೇ ವಜಾ ಆದಾಗ

2006ರ ಅರಣ್ಯ ಹಕ್ಕು ಕಾಯ್ದೆಯಡಿ ಕೊಡಗಿನ ಒಂದು ಹಾಡಿಯವರು, ಅಂದರೆ ಬುಡಕಟ್ಟು ಜನರ ಸಣ್ಣ ಊರಿನವರು, ಹಾಕಿದ ಮೂವತ್ತು ಅರ್ಜಿಗೂ ಒಂದೇ ಒಕ್ಕಣೆಯ ಹಿಂಬರಹ ಬಂದಿದೆ ಎನ್ನಿ: 'ಸೂಕ್ತ ದಾಖಲೆ ಇಲ್ಲ, ತಿರಸ್ಕರಿಸಿದೆ.' ಆಮೇಲೆ ಸಾಮಾನ್ಯವಾಗಿ ಆಗುವುದೇನೆಂದರೆ, ಒಬ್ಬೊಬ್ಬರೇ ಮಡಿಕೇರಿಗೆ ಅಲೆಯಲು ಶುರು ಮಾಡುತ್ತಾರೆ. ತೋಟದ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು, 'ಸಾಹೇಬರು ಮೀಟಿಂಗಿನಲ್ಲಿದ್ದಾರೆ' ಎಂಬ ಮಾತು ಕೇಳಿ ವಾಪಸ್. ಮೂರನೇ ಸಲಕ್ಕೆ ಅರ್ಧ ಜನ ಕೈಬಿಡುತ್ತಾರೆ. ಎಲ್ಲರಿಗೂ ಒಂದೇ ಕಾರಣ ಕೊಟ್ಟಿದ್ದಾರೆ ಅಂದ ಮೇಲೆ ಉತ್ತರವೂ ಹಾಡಿಯಿಂದ ಒಟ್ಟಿಗೇ ಹೋಗಬೇಕು.

ಮೊದಲು ಹಿಂಬರಹಗಳನ್ನೆಲ್ಲ ಒಂದು ಕಡೆ ಸೇರಿಸಿ ಓದಿ. ಸಹಿ ಯಾರದ್ದು? ಅರ್ಜಿ ಸ್ವೀಕರಿಸುವ, ತಿರಸ್ಕರಿಸುವ ಅಧಿಕಾರ ವಲಯ ಅರಣ್ಯಾಧಿಕಾರಿಗಾಗಲಿ, ಪಂಚಾಯಿತಿಗಾಗಲಿ, ಬೇರಾವ ಒಬ್ಬ ಅಧಿಕಾರಿಗಾಗಲಿ ಇಲ್ಲ. ಗ್ರಾಮಸಭೆ, ಉಪವಿಭಾಗ ಮಟ್ಟದ ಸಮಿತಿ, ಜಿಲ್ಲಾ ಮಟ್ಟದ ಸಮಿತಿ ಇಷ್ಟೇ ದಾರಿ. ಬಾಯಿಮಾತಿನಲ್ಲಿ 'ವಜಾ ಆಗಿದೆ' ಅಂದರೆ ಲೆಕ್ಕಕ್ಕಿಲ್ಲ, ಕಾರಣ ಬರೆದ ಲಿಖಿತ ಆದೇಶ ಕೇಳಿ. ಬರೀ ತಾಂತ್ರಿಕ ಕಾರಣಕ್ಕೆ ತಿರಸ್ಕರಿಸುವಂತಿಲ್ಲ ಎಂದು 2012ರ ತಿದ್ದುಪಡಿ ನಿಯಮಗಳೇ ಹೇಳುತ್ತವೆ. ಮೇಲಿನ ಸಮಿತಿಗೆ ಮೇಲ್ಮನವಿ ಹಾಕಲು 60 ದಿನ. ಇನ್ನೂ 30 ದಿನ ಕೊಡುವುದು ಸಮಿತಿಯ ಮರ್ಜಿ, ಅದನ್ನು ನಂಬಿಕೊಂಡು ಕೂರಬೇಡಿ. ಆದೇಶದ ತಾರೀಕಿನಿಂದಲೇ ದಿನ ಎಣಿಸಿ. ಆದರೆ ಕೈಗೆ ತಲುಪಿದ್ದು ತಡವಾಗಿದ್ದರೆ ಅಂಚೆ ಮೊಹರಿರುವ ಲಕೋಟೆಯನ್ನು ಎಸೆಯದೆ ಹಿಂಬರಹಕ್ಕೇ ಪಿನ್ ಮಾಡಿಡಿ.

ಎರಡನೇ ಕೆಲಸ ಗ್ರಾಮಸಭೆ. ಹಾಡಿಯ ಗ್ರಾಮಸಭೆ, ಪಂಚಾಯಿತಿ ಕಟ್ಟಡದಲ್ಲಿ ನಡೆಯುವುದಲ್ಲ. ಸೋಲು ಇಲ್ಲೇ ಹೆಚ್ಚು, ಅದೂ ಕೋರಂ, ಅಂದರೆ ಕನಿಷ್ಠ ಹಾಜರಿ, ಇಲ್ಲದ ಕಾರಣಕ್ಕೆ. ವಯಸ್ಕರು 84 ಮಂದಿ ಇದ್ದರೆ 42 ಜನ ಬರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ, ಅಂದರೆ 14 ಹೆಂಗಸರು. ಹಕ್ಕಿನ ಅರ್ಜಿ ಬಗ್ಗೆ ನಿರ್ಣಯ ಮಾಡುವುದಾದರೆ ಅರ್ಜಿದಾರರಲ್ಲೂ ಅರ್ಧದಷ್ಟು ಜನ ಅಥವಾ ಅವರ ಪ್ರತಿನಿಧಿಗಳು ಇರಬೇಕು. ಕಾಫಿ ಕುಯ್ಲಿನ ಕಾಲದಲ್ಲಿ ಹಗಲು ಹಾಡಿಯಲ್ಲಿ ಮುದುಕರು, ಮಕ್ಕಳು ಬಿಟ್ಟರೆ ಯಾರೂ ಸಿಗುವುದಿಲ್ಲ. ಇಲ್ಲಿನ ಬುಡಕಟ್ಟು ಜನರ ಕುಂಡೆ ಹಬ್ಬದ ವಾರದಲ್ಲಿ ಕರೆದರಂತೂ ಕಥೆ ಮುಗಿಯಿತು. ತೋಟಕ್ಕೆ ರಜೆ ಇರುವ ದಿನ, ಸಂತೆಗೆ ಹೊರಡುವ ಮುಂಚೆ, ಬೆಳಿಗ್ಗೆಯೇ ಇಟ್ಟುಕೊಳ್ಳಿ. ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುವವರ ಹೆಸರು ಪಕ್ಕದಲ್ಲೇ ಬರೆಯಿರಿ, ಬರೆದವರು ಕೊನೆಯಲ್ಲಿ ಬಿಕ್ಕಲಂ, ಅಂದರೆ 'ಬರೆದದ್ದು ನಾನು' ಎಂಬ ಸಹಿ, ಹಾಕಲಿ. ನಡುವೆ ಖಾಲಿ ಸಾಲು ಬಿಡಬೇಡಿ. ಮಳೆಗಾಲದಲ್ಲಿ ಆ ಪುಸ್ತಕ ಎರಡು ಪ್ಲಾಸ್ಟಿಕ್ ಕವರಿನೊಳಗಿರಲಿ. ಶಾಯಿ ಹರಡಿ ಅಂಟಿಕೊಂಡ ಪುಟವನ್ನು ಯಾವ ಕಚೇರಿಯೂ ಓದುವುದಿಲ್ಲ.

ಅರ್ಜಿ ಪರಿಶೀಲಿಸಲು ಗ್ರಾಮಸಭೆಯೇ ಆರಿಸುವ ಅರಣ್ಯ ಹಕ್ಕು ಸಮಿತಿ ಸರಿಯಿದೆಯೇ ಎಂದೂ ಅದೇ ಸಭೆಯಲ್ಲಿ ನೋಡಿಬಿಡಿ. 10ರಿಂದ 15 ಸದಸ್ಯರು, ಮೂರನೇ ಎರಡು ಭಾಗ ಪರಿಶಿಷ್ಟ ಪಂಗಡದವರು, ಮೂರನೇ ಒಂದು ಭಾಗ ಹೆಂಗಸರು. ತೀರಿಹೋದವರ ಹೆಸರು ಇನ್ನೂ ಪಟ್ಟಿಯಲ್ಲಿದ್ದರೆ ಬದಲಿಸಿ.

ಇನ್ನು ಸಾಕ್ಷ್ಯ. ನಿಯಮ ಕೇಳುವುದು ಎರಡು ಬಗೆಯ ಸಾಕ್ಷ್ಯ, ಕಾಗದವೇ ಆಗಬೇಕೆಂದಿಲ್ಲ. ಭೂಮಿ ಕೈಯಲ್ಲಿದ್ದದ್ದು 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಎಂದು ತೋರಿಸಬೇಕು. ಇತ್ತೀಚೆಗೆ ಮಾಡಿಸಿದ ರೇಷನ್ ಕಾರ್ಡು, ಆಧಾರ್ ಕಾರ್ಡುಗಳ ನಕಲನ್ನೇ ಎಲ್ಲರೂ ಲಗತ್ತಿಸಿದ್ದರೆ 'ದಾಖಲೆ ಇಲ್ಲ' ಎನ್ನುವವರಿಗೆ ನಾವೇ ದಾರಿ ಮಾಡಿಕೊಟ್ಟಂತೆ. ಹಳೆಯ ಮತದಾರರ ಪಟ್ಟಿ, ಅರಣ್ಯ ಇಲಾಖೆ ಹಿಂದೆ ಹಾಕಿದ ಒತ್ತುವರಿ ಕೇಸಿನ ಕಾಗದ ಹುಡುಕಿ. ಅಂದು ಕಿರುಕುಳ ಕೊಟ್ಟ ಆ ಕೇಸೇ ಇಂದು 'ಇವರು ಇಲ್ಲಿದ್ದರು' ಎಂದು ಸರ್ಕಾರ ಬರೆದುಕೊಟ್ಟ ಸಾಕ್ಷಿ. ನೆಲದ ಮೇಲಿರುವುದನ್ನೂ ಬರೆಯಿರಿ: ಗೋರಿಗಳು, ದೈವದ ಕಲ್ಲು, ಹಳೇ ಬಾವಿ, ಗದ್ದೆಯ ಏರಿ.

ಹಿರಿಯರ ಹೇಳಿಕೆ ದೊಡ್ಡ ಬಲ, ತಪ್ಪೂ ಅಲ್ಲೇ ಜಾಸ್ತಿ. ಹೇಳಿಕೆ ಕೊಡುವವರು ಅರ್ಜಿದಾರರಾಗಿರಬಾರದು. ಇಡೀ ಹಾಡಿಯೇ ಅರ್ಜಿ ಹಾಕಿರುವಾಗ ಪಕ್ಕದ ಹಾಡಿಯ ಅಜ್ಜಿಯನ್ನೋ, ಮದುವೆಯಾಗಿ ಬೇರೆ ಕಡೆ ಹೋದ ಅತ್ತೆಯನ್ನೋ ಕರೆತನ್ನಿ. 'ತಲೆತಲಾಂತರದಿಂದ ಇದ್ದಾರೆ' ಎಂದು ಬರೆಸಿದರೆ ಉಪಯೋಗವಿಲ್ಲ. 'ಈ ಕೊಲ್ಲಿಯ ಬಲದಂಡೆಯಲ್ಲಿ, ಎರಡು ಮತ್ತಿಮರದ ನಡುವೆ ಇವನ ಅಪ್ಪನ ಗುಡಿಸಲಿತ್ತು, ಅವನನ್ನು ಹಡ್ಲಿನ ಮೇಲಿನ ದಿಣ್ಣೆಯಲ್ಲಿ ಮಣ್ಣು ಮಾಡಿದೆವು' ಎಂಬಷ್ಟು ಖಚಿತವಾಗಿ ಬೇಕು (ಕೊಲ್ಲಿ ಎಂದರೆ ಇಲ್ಲಿ ತೊರೆ, ಹಡ್ಲು ಎಂದರೆ ಜೌಗು ನೆಲ). ಅವರ ಮಾತಿನಲ್ಲೇ ಬರೆದು, ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು.

'ಉಪಗ್ರಹ ಚಿತ್ರದಲ್ಲಿ ಮನೆ ಕಾಣುವುದಿಲ್ಲ' ಎಂದರೆ ಹೆದರಬೇಡಿ. ಮರದಡಿಯ ಹುಲ್ಲಿನ ಗುಡಿಸಲು ಮೇಲಿಂದ ಕಾಣದಿರುವುದು ಸಹಜ. ಚಿತ್ರ ಬೇರೆ ಸಾಕ್ಷ್ಯಕ್ಕೆ ಪೂರಕ ಮಾತ್ರ, ಅದರ ಬದಲಿಗಲ್ಲ ಎಂದು ನಿಯಮದಲ್ಲೇ ಇದೆ.

ಸ್ಥಳ ಪರಿಶೀಲನೆಗೆ ಅರಣ್ಯ, ಕಂದಾಯ ಎರಡೂ ಇಲಾಖೆಗೆ ಮುಂಚಿತವಾಗಿ ಬರೆದು ಸ್ವೀಕೃತಿ ಪಡೆಯಿರಿ. ಬಂದವರು ಮಹಜರಿಗೆ, ಅಂದರೆ ಸ್ಥಳದಲ್ಲೇ ಬರೆಯುವ ವರದಿಗೆ, ಹೆಸರು, ಹುದ್ದೆ, ತಾರೀಕಿನೊಡನೆ ಸಹಿ ಹಾಕಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಇಟ್ಟುಕೊಂಡರೆ ಕೆಸರು, ಜಿಗಣೆ ನೆಪದಲ್ಲಿ ಜೀಪಿನಿಂದಲೇ ಮಹಜರು ಮುಗಿಯುತ್ತದೆ.

ಮೇಲ್ಮನವಿ ಪ್ರತಿ ಮನೆಯದ್ದೂ ಬೇರೆ ಬೇರೆ ಇರಲಿ, ಮೇಲೆ ಎಲ್ಲರ ಹೆಸರಿನ ಒಂದು ಪಟ್ಟಿ ಮತ್ತು ಗ್ರಾಮಸಭೆಯ ನಿರ್ಣಯ. ಕಚೇರಿಯ ಟಪಾಲು ವಿಭಾಗದಲ್ಲಿ ಪ್ರತಿಯೊಂದರ ಎರಡನೇ ಪ್ರತಿಗೂ ಮೊಹರು ಹಾಕಿಸಿಕೊಳ್ಳಿ. ಜೇನು, ಸೀಗೆಕಾಯಿ, ಗೆಡ್ಡೆಗೆಣಸು ತರುವ ಜಾಗಕ್ಕೆ ಸಮುದಾಯದ ಅರ್ಜಿ, ಅಂದರೆ ನಮೂನೆ-ಬಿ, ಹಾಕಿರದಿದ್ದರೆ ಅದಕ್ಕೂ ತಯಾರಿ ಮಾಡಿ. ಮನೆ ಜಾಗದ ಗಡಿಬಿಡಿಯಲ್ಲಿ ಇದನ್ನು ಮರೆಯುವವರೇ ಜಾಸ್ತಿ.

ಖರ್ಚಿಗೆ ಮನೆಗಿಷ್ಟು ಎಂದು ಡಬ್ಬಿ ಇಡಿ. ಮಡಿಕೇರಿಗೆ ಹೋಗುವವರ ಕೂಲಿಯನ್ನು ಅದರಿಂದಲೇ ತುಂಬಿಕೊಡಿ, ಪ್ರತಿ ಸಲ ಒಬ್ಬರೇ ನಷ್ಟ ಹೊರುವಂತಾಗಬಾರದು. ಹೋಗುವುದು ಯಾವತ್ತೂ ಇಬ್ಬರಾದರೂ ಇರಲಿ, ಒಬ್ಬರು ಮಾತಾಡುವಾಗ ಇನ್ನೊಬ್ಬರು ಬರೆದುಕೊಳ್ಳಲಿ. ಒಬ್ಬೊಬ್ಬರನ್ನೇ ಕರೆದು 'ಇಲ್ಲಿ ಸಹಿ ಹಾಕು' ಎಂದರೆ ಸಭೆಯಲ್ಲಿ ಓದಿಸದೆ ಹಾಕುವುದಿಲ್ಲ ಎಂಬುದು ಹಾಡಿಯ ಕಟ್ಟುಪಾಡಾಗಲಿ.

ಎಬ್ಬಿಸಲು ಬಂದರೆ ಕಾಯ್ದೆಯ 4(5)ನೇ ಕಲಂ ತೋರಿಸಿ: ಪರಿಶೀಲನಾ ಪ್ರಕ್ರಿಯೆ ಮುಗಿಯುವ ತನಕ ಒಕ್ಕಲೆಬ್ಬಿಸುವಂತಿಲ್ಲ. ಮೇಲ್ಮನವಿಯ ಸ್ವೀಕೃತಿ ಆಗ ಕೈಗೆ ಸಿಗುವಂತಿರಬೇಕು, ಟ್ರಂಕಿನ ತಳದಲ್ಲಲ್ಲ. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದಾಗ ಜನ ಚದುರದೆ ಅಲ್ಲೇ ಕೂತರು. ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಸಿಕ್ಕಿದ್ದು ಆ ಹೋರಾಟದ ಮೇಲೆ.

ಜಿಲ್ಲಾ ಸಮಿತಿಯೂ ತಿರಸ್ಕರಿಸಿದರೆ ಉಳಿಯುವುದು ನ್ಯಾಯಾಲಯ. ಪರಿಶಿಷ್ಟ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಉಂಟು, ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಜಾತಿ ಪ್ರಮಾಣಪತ್ರ, ಎಲ್ಲ ಹಿಂಬರಹಗಳು, ಮೊಹರಿನ ಪ್ರತಿಗಳು, ಆ ಹಾಜರಿ ಪುಸ್ತಕ ಜೊತೆಗಿರಲಿ. ಪುಸ್ತಕದ ಜೆರಾಕ್ಸ್ ಕೊಡಿ, ಮೂಲವನ್ನು ಯಾರ ಕೈಗೂ ಬಿಟ್ಟು ಬರಬೇಡಿ.