ಟೋಯಿಂಗ್ ಗಾಡಿಗೆ ಹೈಬ್ರಿಡ್: ಲೆಕ್ಕ ಶುರುವಾಗುವುದು ಇಳಿಜಾರಿನಿಂದ

ಹುಬ್ಬಳ್ಳಿ–ಅಂಕೋಲಾ ರಸ್ತೆಯಲ್ಲಿ ಕೆಟ್ಟು ನಿಂತ ಲಾರಿಗಳನ್ನು ಎಳೆಯುವ ಹತ್ತು ಗಾಲಿಯ ಗಾಡಿ ಇದು. ಡೀಸೆಲ್ ಎಂಜಿನ್ ಹಾಗೇ ಉಳಿಸಿ, ಗೇರ್‌ಬಾಕ್ಸ್ ಮತ್ತು ಹೌಸಿಂಗ್ (ಹಿಂದಿನ ಆಕ್ಸಲ್ಲಿನ ಡಿಫರೆನ್ಶಿಯಲ್) ನಡುವೆ ಪ್ರೊಪೆಲ್ಲರ್ ಶಾಫ್ಟಿನ ಸಾಲಿನಲ್ಲೇ ಮೋಟರ್ ಕೂರಿಸಿದೆವು. ಅದರ ಟಾರ್ಕ್, ಅಂದರೆ ತಿರುಗಿಸುವ ಬಲ, ಒಂದು ನಿಮಿಷದ ಮಟ್ಟಿಗೆ 2000 ನ್ಯೂಟನ್ ಮೀಟರ್, ನಿರಂತರವಾಗಿ 1000.

ಲೋಡು ಸೇರಿ 40 ಟನ್, ಏರು ಶೇ. 6 ಎಂದು ಹಿಡಿದರೆ ಗಾಲಿಯಲ್ಲಿ ಸುಮಾರು 27 ಕಿಲೋನ್ಯೂಟನ್ ಎಳೆತ ಬೇಕು. ಹೌಸಿಂಗ್ ಅನುಪಾತ 6, ಗಾಲಿಯ ತ್ರಿಜ್ಯ ಅರ್ಧ ಮೀಟರ್. ಆ ಒಂದು ನಿಮಿಷ ಮೋಟರೊಂದೇ 24 ಕೊಡುತ್ತದೆ, ಉಳಿದ ಮೂರು ಎಂಜಿನ್ನಿನದು. ಅರ್ಧ ಕ್ಲಚ್ಚಿನಲ್ಲಿ ಪ್ಲೇಟ್ ಸುಡುವ ಕಾಟ ಅಲ್ಲಿಗೆ ಮುಗಿಯಿತು.

ಕಷ್ಟವಿರುವುದು ಇಳಿಯುವಾಗ. ಅದೇ ಲೋಡನ್ನು ಅದೇ ಇಳಿಜಾರಿನಲ್ಲಿ ಗಂಟೆಗೆ 20 ಕಿ.ಮೀ.ಗೆ ಹಿಡಿದಿಡಲು 113 ಕಿಲೋವ್ಯಾಟ್ ತಡೆ ಬೇಕು. ಮೋಟರ್ ಜನರೇಟರ್ ಆಗಿ ನಿರಂತರ ಹಿಡಿಯುವುದು 67. ಉಳಿದದ್ದು ಕೆಳ ಗೇರು, ಎಕ್ಸಾಸ್ಟ್ ಬ್ರೇಕಿನ (ಹೊಗೆ ದಾರಿ ಮುಚ್ಚಿ ಎಂಜಿನ್ನಿನಿಂದಲೇ ತಡೆಯುವುದು) ಪಾಲು. 3.2 ವೋಲ್ಟಿನ 200 ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್, 60 ಆಂಪಿಯರ್ ಅವರ್: ನಮ್ಮ ಬ್ಯಾಟರಿ ಒಟ್ಟು 38 ಯೂನಿಟ್. ಅದಕ್ಕೆ 38 ಕಿಲೋವ್ಯಾಟಿಗಿಂತ ಹೆಚ್ಚು ತುಂಬಲು ನಾವು ಬಿಡುವುದಿಲ್ಲ. ಅಂದರೆ ಎತ್ತರದಲ್ಲಿ 100 ಮೀಟರ್ ಇಳಿತಕ್ಕೆ ಒಳಗೆ ಹೋಗುವುದು ಮೂರು ಯೂನಿಟ್ ಚಿಲ್ಲರೆ. ಯಲ್ಲಾಪುರ ಇರುವುದು ಸಮುದ್ರಮಟ್ಟದಿಂದ ಸುಮಾರು 540 ಮೀಟರ್ ಎತ್ತರದಲ್ಲಿ, ಮುಂದೆ ಅರಬೈಲ್ ಘಟ್ಟ ಇಳಿದರೆ ಕರಾವಳಿ. ಅಲ್ಲಿಗೆ ಬರುವಷ್ಟರಲ್ಲಿ ಬ್ಯಾಟರಿ ಅರ್ಧಕ್ಕಿಂತ ಕೆಳಗಿರಲೇಬೇಕು. ತುಂಬಿದ ಬ್ಯಾಟರಿಯೊಂದಿಗೆ ಅರಬೈಲ್ ಘಟ್ಟಕ್ಕೆ ಬಿದ್ದರೆ, ಮೋಟರ್ ಹಿಡಿತ ನಡುದಾರಿಯಲ್ಲಿ ಕೈಬಿಡುತ್ತದೆ.

ಇದಕ್ಕೆ ಉತ್ತರ ನಮ್ಮೂರು ಹುಬ್ಬಳ್ಳಿಯ ರೈಲ್ವೆ ಡೀಸೆಲ್ ಲೋಕೋ ಶೆಡ್ಡಿನಲ್ಲೇ ಇದೆ. ಕ್ಯಾಸಲ್‌ರಾಕ್ ಘಾಟಿನ 37ಕ್ಕೆ 1 ಇಳಿಜಾರಿನಲ್ಲಿ ಡಬ್ಲ್ಯೂಡಿಜಿ-4 ಗೂಡ್ಸ್ ರೈಲಿನ ಎಂಜಿನ್ ತನ್ನ ಮೋಟರುಗಳ ಕರೆಂಟನ್ನು ರೆಸಿಸ್ಟರ್ ಗ್ರಿಡ್ಡಿನಲ್ಲಿ (ಕರೆಂಟನ್ನು ಶಾಖವಾಗಿಸುವ ಪಟ್ಟಿಗಳಲ್ಲಿ) ಸುಟ್ಟು ವೇಗ ಏರದಂತೆ ತಡೆಹಿಡಿಯುತ್ತದೆ. ನಾವೂ ಕ್ಯಾಬಿನ್ ಹಿಂದೆ 5.5 ಓಮ್ ಗ್ರಿಡ್, ಬ್ಲೋವರ್ ಹಾಕಿದೆವು; 640 ವೋಲ್ಟಿಗೆ 74 ಕಿಲೋವ್ಯಾಟ್ ನುಂಗುತ್ತದೆ. ಬಿಸಿಗಾಳಿ ಏರ್ ಹೋಸ್, ಡೀಸೆಲ್ ಟ್ಯಾಂಕ್ ಕಡೆ ಹೋಗದಂತೆ ತಗಡು ಕಟ್ಟಿ. ಬ್ಲೋವರ್ ನಿಂತರೆ ಗ್ರಿಡ್ ಸುಟ್ಟೇ ಹೋಗುತ್ತದೆ, ಹಾಗಾಗಿ ಅದಕ್ಕೊಂದು ಎಚ್ಚರಿಕೆ ದೀಪ ಬೇಕೇ ಬೇಕು.

ಮಳೆಗಾಲದಲ್ಲಿ ಮೋಟರ್ ತಡೆಯನ್ನು ಅರ್ಧಕ್ಕೆ ಇಳಿಸುತ್ತೇವೆ. ತಡೆ ಹಿಂದಿನ ಗಾಲಿಗಷ್ಟೇ ಬೀಳುವುದರಿಂದ ಒದ್ದೆ ರಸ್ತೆಯಲ್ಲಿ ಗಾಡಿ ಅಡ್ಡ ತಿರುಗೀತು. ಎಬಿಎಸ್ (ಬ್ರೇಕ್ ಹಾಕಿದಾಗ ಗಾಲಿ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ) ಕೆಲಸ ಶುರುಮಾಡಿದ ಕ್ಷಣ ಮೋಟರ್ ತಡೆ ಪೂರ್ತಿ ಬಿಡುವಂತೆ ವೈರಿಂಗ್ ಇರಲಿ.

ಶಾಫ್ಟ್ ಎರಡು ತುಂಡಾದ್ದರಿಂದ ಪ್ರತಿ ತುಂಡಿನ ಎರಡು ತುದಿಯ ಕ್ರಾಸಿನ (ಯೂನಿವರ್ಸಲ್ ಜಾಯಿಂಟ್) ಕೋನ ಸಮವಿರಬೇಕು, ಇಲ್ಲದಿದ್ದರೆ ನಡುಕ ಬಂದು ಮೋಟರ್ ಬೇರಿಂಗ್ ಹೋಗುತ್ತದೆ. ಇಂಥ ಬದಲಾವಣೆಗೆ ಎಐಎಸ್-123 (ಹಳೆ ಗಾಡಿಗೆ ಹೈಬ್ರಿಡ್ ಕೂರಿಸುವ ಕುರಿತ ವಾಹನ ಮಾನದಂಡ) ಪ್ರಕಾರ ಅನುಮೋದನೆ ಬೇಕು, ಮೊದಲೇ ವಿಚಾರಿಸಿಕೊಳ್ಳಿ. ಈ ಗಾಡಿಯನ್ನೇ ಎಳೆಯಬೇಕಾಗಿ ಬಂದರೆ ಹೌಸಿಂಗ್ ಕಡೆಯ ಶಾಫ್ಟ್ ಬಿಚ್ಚದೆ ಒಂದಡಿಯೂ ಎಳೆಯಬೇಡಿ: ಮೋಟರಿನೊಳಗಿರುವುದು ಕಾಯಂ ಅಯಸ್ಕಾಂತ, ಕೀ ಬಂದ್ ಇದ್ದರೂ ಗಾಲಿ ತಿರುಗಿದರೆ ವೋಲ್ಟೇಜ್ ಹುಟ್ಟುತ್ತದೆ.