ಸ್ಯಾಗ್ ಸೆಟ್ ಮಾಡೋಕೆ ಒಂದು ಟೇಪು, ಇನ್ನೊಬ್ಬರ ಕೈ ಸಾಕು

ನಾನಿರುವುದು ಪುಣೆಯಲ್ಲಿ, ಊರು ಹುಬ್ಬಳ್ಳಿ, ಗಾಡಿ ರಾಯಲ್ ಎನ್‌ಫೀಲ್ಡ್‌ನ ಹಿಮಾಲಯನ್ 411 ಬೈಕು. ಮೊದಮೊದಲು ಹಂಪ್ ಸಿಕ್ಕಾಗಲೆಲ್ಲ ಹಿಂಬದಿ ಧಡ್ ಅಂತ ಕೂತುಬಿಡುತ್ತಿತ್ತು. ಗ್ಯಾರೇಜಿನಲ್ಲಿ ಹೇಳಿದೆ, ಸ್ಪ್ರಿಂಗ್ ಫುಲ್ ಟೈಟ್ ಮಾಡಿ ಕೊಟ್ಟರು. ಆಮೇಲೆ ಖಂಬಾಟಕಿ ಘಾಟ್ ದಾಟಿ ಸಾತಾರಾ ಮುಟ್ಟುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತ್ತು.

ಅಳೆಯದೆ ತಿರುಗಿಸಿದರೆ ಹೀಗೇ ಆಗೋದು. ನೀವು ಕೂತಾಗ ಸಸ್ಪೆನ್ಷನ್ ಎಷ್ಟು ಕುಗ್ಗುತ್ತದೋ ಅದೇ ಸ್ಯಾಗ್. ಗುಂಡಿ ಬಂದಾಗ ಚಕ್ರ ಕೆಳಗಿಳಿಯೋಕೂ ಜಾಗ ಬೇಕಲ್ವಾ? ಅದಕ್ಕೇ ಒಟ್ಟು ಟ್ರಾವೆಲ್‌ನಲ್ಲಿ (ಚಕ್ರ ಮೇಲೆ ಕೆಳಗೆ ಓಡಾಡುವ ದೂರ) ಸುಮಾರು ಮೂರನೇ ಒಂದು ಭಾಗ ಮೊದಲೇ ಕುಗ್ಗಿರಬೇಕು. ನನ್ನ ಗಾಡಿಗೆ ಹಿಂದೆ 180 ಮಿಮೀ ಟ್ರಾವೆಲ್, ಅಂದರೆ 55ರಿಂದ 60 ಮಿಮೀ ಸ್ಯಾಗ್ ಸರಿ.

ಮೊದಲು ಸ್ಪ್ರಿಂಗನ್ನು ಕಂಪನಿ ಸೆಟ್ಟಿಂಗಿಗೆ ತನ್ನಿ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ನೆಲ ಬಿಟ್ಟಿರಲಿ. ಚಕ್ರದ ಆಕ್ಸಲ್‌ನಿಂದ ನೇರ ಮೇಲಕ್ಕೆ ಸೀಟಿನ ಕೆಳಗೆ ಒಂದು ಗುರುತು ಮಾಡಿ ಅಳೆಯಿರಿ. ನನಗೆ 620 ಮಿಮೀ ಬಂತು. ಸ್ಟ್ಯಾಂಡ್ ಇಳಿಸಿ ಖಾಲಿ ಗಾಡಿ ಅಳೆದರೆ 590. ಇನ್ನು ಹೆಲ್ಮೆಟ್, ಜಾಕೆಟ್, ಬೂಟು ಎಲ್ಲ ಹಾಕಿಕೊಂಡೇ ಕೂರಬೇಕು, ಲುಂಗಿಯಲ್ಲಿ ಕೂತು ಅಳೆದರೆ ಲೆಕ್ಕ ತಪ್ಪುತ್ತದೆ. ಟೇಪು ಹಿಡಿಯೋಕೆ ನಮ್ಮ ಬಿಲ್ಡಿಂಗ್ ವಾಚ್‌ಮನ್‌ನನ್ನು ಕರೆದೆ, ಇಂಡಿ ಕಡೆಯವನು. ನಾನು ಕೂತಲ್ಲೇ ಸೀಟನ್ನು ಒತ್ತಿ ನಿಧಾನಕ್ಕೆ ಬಿಡೋದು, ಮೈ ಎತ್ತಿ ನಿಧಾನಕ್ಕೆ ಇಳಿಸೋದು ನೋಡಿ, "ಏನ್ರೀ ಸರ, ಗಾಡಿ ಜೋಡಿ ಉಯ್ಯಾಲಿ ಆಡಾಕತ್ತೀರಿ?" ಅಂದ. ಆಟವಲ್ಲ, ಶಾಕಪ್ ಒಳಗಿನ ತಿಕ್ಕಾಟದಿಂದ ಎರಡು ಸಲವೂ ಬೇರೆ ಬೇರೆ ಅಳತೆ ಬರುತ್ತದೆ, ಎರಡರ ಸರಾಸರಿ ಹಿಡಿಯಬೇಕು. ನನ್ನದು 548. 620ರಲ್ಲಿ 548 ಕಳೆದರೆ 72, ಜಾಸ್ತಿಯಾಯಿತು.

ಸಿ ಸ್ಪ್ಯಾನರ್‌ನಲ್ಲಿ (ಕೊಕ್ಕೆಯಂಥ ಸ್ಪ್ಯಾನರ್) ಪ್ರಿಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಬಿಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಪ್ರತಿಸಲ ಅಳೆಯಿರಿ. ನಾನು 58ಕ್ಕೆ ನಿಲ್ಲಿಸಿದೆ. ಒಂದು ತಪ್ಪು ನಂಬಿಕೆ ಇದೆ: ಪ್ರಿಲೋಡ್ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅಂತ. ಇಲ್ಲ, ಗಾಡಿ ಎತ್ತರವಾಗುತ್ತದೆ ಅಷ್ಟೇ. ಅದಕ್ಕೇ ಖಾಲಿ ಗಾಡಿಯನ್ನು ಮತ್ತೆ ಅಳೆಯಿರಿ. ನನ್ನದು 16 ಮಿಮೀ ಕುಗ್ಗಿತ್ತು, ಚೆನ್ನಾಗಿದೆ. ನೀವು ಕೂತಾಗ ಲೆಕ್ಕ ಸರಿ ಇದ್ದೂ ಖಾಲಿ ಗಾಡಿ ಒಂಚೂರೂ ಕುಗ್ಗದಿದ್ದರೆ ನಿಮ್ಮ ತೂಕಕ್ಕೆ ಆ ಸ್ಪ್ರಿಂಗ್ ಮೆತ್ತಗಾಯಿತು, ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ, ಸ್ಪ್ರಿಂಗೇ ಬದಲಿಸಬೇಕು. ತುಂಬಾ ಕುಗ್ಗಿದರೆ ಉಲ್ಟಾ, ಸ್ಪ್ರಿಂಗ್ ಗಟ್ಟಿ.

411ರ ಮುಂದಿನ ಫೋರ್ಕಿಗೆ ತಿರುಗಿಸೋಕೆ ಏನೂ ಇಲ್ಲ, ಸುಮ್ನೆ ಬಿಡಿ.

ಹೆಂಡತಿ, ಬ್ಯಾಗು ಸೇರಿದರೆ ಮತ್ತೆ ಅಳೆಯಬೇಕು. ಒಬ್ಬನೇ ಇದ್ದಾಗ ಎಷ್ಟು ಸುತ್ತು, ಇಬ್ಬರಿದ್ದಾಗ ಎಷ್ಟು ಅಂತ ಸೀಟಿನ ಅಡಿಯಲ್ಲಿ ಮಾರ್ಕರ್‌ನಿಂದ ಬರೆದಿಟ್ಟಿದ್ದೇನೆ.