ಹೆಗಲು ಕೊಡುವ ಮುನ್ನ ಎತ್ತರ ನೋಡಿ

ಚಟ್ಟಕ್ಕೆ ಹೆಗಲು ಕೊಡಲು ಜನ ಮುಗಿಬೀಳುತ್ತಾರೆ. ಹೊರಲು ಗೊತ್ತಿರುವವರು ಮಾತ್ರ ಕಡಿಮೆ. ಅಂಗಳ ದಾಟುವಷ್ಟರಲ್ಲೇ ಚಟ್ಟ ಒಂದು ಕಡೆ ವಾಲುತ್ತದೆ, ಹಿಂದಿನಿಂದ ‘ಏ, ಹಿಡ್ಕೊಳ್ರೋ’ ಅಂತ ಕೂಗು ಏಳುತ್ತದೆ.

ಮೊದಲು ಚಟ್ಟ ನೋಡಿ. ಎರಡು ಬಿದಿರಿನ ಗಳ, ಅಡ್ಡಕ್ಕೆ ದಬ್ಬೆ, ಮೇಲೆ ಹುಲ್ಲು, ಅಷ್ಟೇ. ಅಂಗಡಿಯಿಂದ ತಂದದ್ದಾದರೆ ಗಳ ಸೀಳಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ನೈಲಾನ್ ಹಗ್ಗ ಬೇಡವೇ ಬೇಡ. ಗಂಟು ಜಾರುತ್ತದೆ, ಚಿತೆಯಲ್ಲಿ ಕರಗಿ ನಾರುತ್ತದೆ. ತೆಂಗಿನ ನಾರಿನ ಹಗ್ಗ ತನ್ನಿ.

ಆಮೇಲೆ ಜನ. ಮುಂದಿನ ಇಬ್ಬರು ಒಂದೇ ಎತ್ತರ, ಹಿಂದಿನ ಇಬ್ಬರು ಒಂದೇ ಎತ್ತರ ಇರಲಿ. ಮೈತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ತಲೆ, ಎದೆ, ಹೊಟ್ಟೆಯಲ್ಲೇ ಇರುತ್ತದೆ. ಮನೆಯಿಂದ ಕಾಲು ಮುಂದಾಗಿ ಹೊರಡುವುದರಿಂದ ಗಟ್ಟಿಗರು ಹಿಂದೆ ನಿಲ್ಲಬೇಕು. ಸ್ಮಶಾನಕ್ಕೆ ಇಳಿಜಾರಿದ್ದರೆ ಎತ್ತರದವರು ಮುಂದೆ ಬರಲಿ. ಕುಡಿದು ಬಂದವನು ಎಷ್ಟೇ ಹತ್ತಿರದ ಸಂಬಂಧಿಯಾದರೂ ದೂರ ನಿಲ್ಲಿಸಿ. ಮಗಳು ಹೆಗಲು ಕೊಡುತ್ತೇನೆ ಅಂದರೆ ಕೊಡಲಿ. ಅವಳಷ್ಟೇ ಎತ್ತರದ ಜೋಡಿ ಹುಡುಕಿ, ವಾದ ಬೇಡ.

ಎತ್ತುವಾಗ ಒಬ್ಬರದ್ದೇ ದನಿ ಇರಲಿ. ಮೊದಲ ‘ಗೋವಿಂದ’ಕ್ಕೆ ಮಂಡಿ ಮಡಿಸಿ ಗಳ ಹಿಡಿಯಿರಿ, ಎರಡನೆಯದಕ್ಕೆ ಸೊಂಟದ ಮಟ್ಟ, ಮೂರನೆಯದಕ್ಕೆ ಹೆಗಲು. ಗಳದ ಹೊರಗೆ ನಿಂತರೆ ಎಡಗಡೆಯವರಿಗೆ ಬಲ ಹೆಗಲು, ಬಲಗಡೆಯವರಿಗೆ ಎಡ ಹೆಗಲು. ಕೆಳಗೆ ಮಡಿಸಿದ ಟವೆಲ್ ಹಾಕಿಕೊಳ್ಳಿ.

ಎಡವಟ್ಟಾಗುವುದು ಹೆಗಲು ಬದಲಿಸುವಾಗ. ‘ನಾನೂ ಸ್ವಲ್ಪ’ ಅಂತ ನಾಲ್ಕು ಕಡೆಯಿಂದ ನುಗ್ಗುತ್ತಾರೆ. ಒಂದು ಸಲಕ್ಕೆ ಒಂದೇ ಮೂಲೆ. ಹೊಸಬರು ಹೊತ್ತವರ ಬೆನ್ನ ಹಿಂದೆ ಅದೇ ಗಳದಡಿ ಹೆಗಲಿಟ್ಟು, ನಾಲ್ಕು ಹೆಜ್ಜೆ ಜೊತೆಗೇ ನಡೆಯಬೇಕು. ಭಾರ ಪೂರ್ತಿ ತಮ್ಮ ಮೇಲೆ ಬಂದ ಮೇಲೆ ‘ಬಿಡಿ’ ಅನ್ನಬೇಕು. ಆಗ ಹಳಬರು ಹೊರಗಡೆಗೆ ಸರಿಯಬೇಕು. ಒಳಗೆ ಸರಿದರೆ ಕಾಲಿಗೆ ಕಾಲು ಸಿಕ್ಕಿಕೊಳ್ಳುತ್ತದೆ. ಹಳಬರು ತಾವಾಗಿ ಬಿಡಕೂಡದು. ಅರ್ಧ ದಾರಿಯಲ್ಲಿ ಇಳಿಸಿ ದಿಕ್ಕು ತಿರುಗಿಸುವ ಪದ್ಧತಿ ಇರುವ ಕಡೆ ಅಲ್ಲಿಯವರೆಗೂ ತಡೆದುಕೊಳ್ಳುವುದೇ ವಾಸಿ. ಈ ಗಲಾಟೆಯೇ ಇರುವುದಿಲ್ಲ, ಅಲ್ವಾ?

ಪೆರೇಡಿನ ಹಾಗೆ ಎಲ್ಲರೂ ಒಂದೇ ಹೆಜ್ಜೆ ಹಾಕಬೇಡಿ, ಬಿದಿರು ಕುಣಿಯುತ್ತದೆ. ಮುಂದಿನವರು ಎಡಗಾಲು ಇಟ್ಟಾಗ ಹಿಂದಿನವರು ಬಲಗಾಲು ಇಡಲಿ. ಲಿಂಗಾಯತರ ಹಾಗೆ ಹೆಣ ಕೂರಿಸಿ ಒಯ್ಯುವ ಮಂಟಪದಂಥ ‘ವಿಮಾನ’ವಾದರೆ ಭಾರ ಮೇಲಿರುತ್ತದೆ, ತಿರುವಿನಲ್ಲಿ ಇನ್ನೂ ನಿಧಾನ.

ಇಳಿಸುವಾಗಲೂ ಅದೇ ಒಂದು ದನಿ. ಗಳ ನೆಲ ಮುಟ್ಟುವ ಮೊದಲು ಬೆರಳು ಪಕ್ಕಕ್ಕೆ ತನ್ನಿ.